ಬೇಕಾ, ಬೇಡ್ವಾ? ಸ್ಕಾಟ್ಲೆಂಡ್ ಜನಮತಗಣನೆಯಲ್ಲಿ ಮನಸ್ಸು ಮಾಡದೆ ಉಳಿದವರು: ಪದೇ ಪದೇ ಕೇಳುವ ಪ್ರಶ್ನೆಗಳು

2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನ ಬ್ರಿಟನ್‌ನಿಂದ ಬೇರೆ ಆಗಬೇಕೋ ಬೇಡವೋ ಅಂತ ಓಟು ಹಾಕಿದರು. ಆಗ ನಾನು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರ್ಗ್‌ನ ಲೀತ್‌ನಲ್ಲಿ, ಹಳೆಯ ಕಲ್ಲು ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಈಗಲೂ ಊರಿಗೆ ಹೋದಾಗ, ಮದುವೆ ಮನೆಗಳಲ್ಲಿ, ಯಾರಾದರೂ ಈ ವಿಷಯ ತೆಗೆಯುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಕೊನೆಯ ವಾರದವರೆಗೂ ಮನಸ್ಸು ಮಾಡದೆ ಕೂತಿದ್ದವರ ಬಗ್ಗೆಯಂತೂ ಜಾಸ್ತಿ. ನಮ್ಮ ಎದುರು ಬಾಗಿಲಲ್ಲೇ ಅಂಥವರೊಬ್ಬರು ಇದ್ದರು. ನರ್ಸ್ ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದ ಹಿರಿಯರು. ಹೆಸರು ಬೇಡ, ಇಲ್ಲಿ ಅಜ್ಜಿ ಅಂತಲೇ ಕರೆಯುತ್ತೇನೆ.

ಮತಪತ್ರದಲ್ಲಿ ಏನು ಕೇಳಿದ್ದರು?

"ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕೇ?" ಇಷ್ಟೇ. ಕೆಳಗೆ ಎರಡು ಚೌಕ. ಬೇಕು, ಬೇಡ.

ಸ್ಕಾಟಿಷ್ ಸರ್ಕಾರ ಮೊದಲು ಬರೆದ ಪ್ರಶ್ನೆ ಬೇರೆ ಇತ್ತು. "ಆಗಬೇಕು ಅಂತ ನೀವು ಒಪ್ಪುತ್ತೀರಾ?" ಅಂತಿತ್ತು. ಚುನಾವಣಾ ಆಯೋಗ ಅದನ್ನು ಜನರ ಮುಂದಿಟ್ಟು ಪರೀಕ್ಷೆ ಮಾಡಿತು. "ಒಪ್ಪುತ್ತೀರಾ" ಅಂತ ಕೇಳಿದರೆ ತಲೆ ತಾನೇ ತಾನಾಗಿ ಹೌದು ಅಂತ ಆಡುತ್ತದೆ, ಅದನ್ನು ತೆಗೆಯಿರಿ ಅಂದಿತು. ತೆಗೆದರು. ಒಂದು ಕ್ರಿಯಾಪದಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದು ನನಗೆ ಇಷ್ಟವಾಯಿತು.

ಯಾರಿಗೆಲ್ಲ ಓಟು ಇತ್ತು? ನಮ್ಮವರಿಗೂ ಇತ್ತಾ?

ಇತ್ತು. ಇದನ್ನು ಹೇಳಿದರೆ ಬಹಳ ಜನ ನಂಬುವುದಿಲ್ಲ. ಹುಟ್ಟಿದ ಊರಲ್ಲ, ವಾಸ ಇರುವ ಊರು ಮುಖ್ಯ ಅನ್ನುವುದು ಅಲ್ಲಿಯ ನಿಯಮ. ಸ್ಕಾಟ್ಲೆಂಡಿನಲ್ಲಿ ವಾಸ ಇದ್ದು ವೀಸಾ ಸರಿ ಇದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಓಟು ಹಾಕಬಹುದಿತ್ತು. ಅಂದರೆ ಇಂಡಿಯಾದ ಪಾಸ್‌ಪೋರ್ಟ್ ಇದ್ದ ನನಗೂ ಮತದಾರರ ಚೀಟಿ ಬಂತು. ಯುರೋಪಿಯನ್ ಯೂನಿಯನ್ ದೇಶಗಳವರಿಗೂ ಇತ್ತು. ಆದರೆ ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಬೆಳೆದು ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೋದ ಲಕ್ಷಗಟ್ಟಲೆ ಜನರಿಗೆ ಇರಲಿಲ್ಲ. ಟೆನಿಸ್ ಆಟಗಾರ ಆಂಡಿ ಮರ್ರೆಗೂ ಇರಲಿಲ್ಲ, ನಟ ಶಾನ್ ಕಾನರಿಗೂ ಇರಲಿಲ್ಲ. ನನಗೆ ಇತ್ತು! ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಅವರ ಮನೆ ಪಾಲಿಗೆ ನಿನ್ನನ್ನು ಯಾಕೆ ಪಂಚಾಯ್ತಿಗೆ ಕರೆದರು?" ಅಂದರು.

16 ಮತ್ತು 17ರ ಹುಡುಗ ಹುಡುಗಿಯರಿಗೂ ಮೊದಲ ಬಾರಿಗೆ ಓಟು ಕೊಟ್ಟರು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಒಟ್ಟು ಮತದಾರರು ಸುಮಾರು 42.8 ಲಕ್ಷ.

ಮನಸ್ಸು ಮಾಡದವರು ಎಷ್ಟು ಜನ ಇದ್ದರು?

ಯಾರು ಕೇಳಿದರು, ಹೇಗೆ ಕೇಳಿದರು ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತಿತ್ತು. ಕೆಲವು ಸಮೀಕ್ಷೆಗಳಲ್ಲಿ ನೂರಕ್ಕೆ ಹತ್ತರ ಆಸುಪಾಸು, ಇನ್ನು ಕೆಲವುಗಳಲ್ಲಿ ಇಪ್ಪತ್ತು ದಾಟಿ. ಗಮನಿಸಬೇಕಾದ ಮಾತು ಬೇರೆ ಇದೆ. ಪತ್ರಿಕೆಯ ತಲೆಬರಹಕ್ಕೆ ಬರುವ ಹೊತ್ತಿಗೆ ಈ ಜನ ಮಾಯ ಆಗಿಬಿಡುತ್ತಿದ್ದರು.

ಸೆಪ್ಟೆಂಬರ್ ಮೊದಲ ವಾರದ ಯೂಗವ್ ಸಮೀಕ್ಷೆಯನ್ನೇ ನೋಡಿ. "ಬೇಕು 51, ಬೇಡ 49" ಅಂತ ಬಂತು. ಲಂಡನ್‌ನಲ್ಲಿ ಭೂಕಂಪ. ನಿಜವಾದ ಅಂಕಿ 47 ಮತ್ತು 45. ಉಳಿದವರನ್ನು ಬಿಟ್ಟು ಮತ್ತೆ ನೂರಕ್ಕೆ ಹೊಂದಿಸಿದಾಗ 51 ಬಂದಿತ್ತು. ಅಂದರೆ ಫಲಿತಾಂಶವನ್ನು ತಿರುಗಿಸಬಲ್ಲ ಜನರೇ ತಲೆಬರಹದಲ್ಲಿ ಇರಲಿಲ್ಲ.

ಅವರಿಗೆ ವಿಷಯ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ತಾನೇ?

ಇದು ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರೂ ತಪ್ಪು ತಿಳಿಯುವ ಪ್ರಶ್ನೆಯೂ ಹೌದು. ಅಡ್ಡಗೋಡೆ ಮೇಲೆ ದೀಪ ಇಟ್ಟವರು, ಸೋಮಾರಿಗಳು, ಟಿವಿ ನೋಡದವರು ಅಂತ ಇವರ ಮೇಲೆ ಸಸಾರ ಇತ್ತು. ನಾನು ನೋಡಿದ್ದು ಉಲ್ಟಾ. ಮೊದಲೇ ತೀರ್ಮಾನ ಮಾಡಿದವರು ಓದುವುದನ್ನು ಬಿಟ್ಟಿದ್ದರು. ಓದುತ್ತಿದ್ದವರು ಇವರೇ.

ನಮ್ಮ ಅಜ್ಜಿ ಗ್ಯಾಸ್ ಬಿಲ್ ಬಂದ ಲಕೋಟೆಯ ಹಿಂದೆ ಪ್ರಶ್ನೆಗಳನ್ನು ಬರೆದಿಟ್ಟಿದ್ದರು. ನೀಲಿ ಬಾಲ್‌ಪೆನ್ನು, ನರ್ಸ್‌ಗಳ ಚಾರ್ಟಿನ ಹಾಗೆ ನೆಟ್ಟಗಿನ ಸಾಲುಗಳು. ಪಿಂಚಣಿ. ಪೌಂಡ್. ಲೀಡ್ಸ್‌ನಲ್ಲಿರುವ ಮಗ. ಆಸ್ಪತ್ರೆ. ಯುರೋಪ್. ಪ್ರತಿಯೊಂದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಯಾವ ಬಣದ ಕಾರ್ಯಕರ್ತರು ಬಾಗಿಲು ತಟ್ಟಿದರೂ ಅವರು ಟೀ ಕೊಟ್ಟು, ಲಕೋಟೆ ತಂದು, ಒಂದೊಂದಾಗಿ ಕೇಳುತ್ತಿದ್ದರು. ಉತ್ತರ ಸಮಾಧಾನ ತಂದರೆ ಆ ಸಾಲನ್ನು ಹೊಡೆದುಹಾಕುವುದು ಅವರ ಯೋಚನೆ. ಆಗಸ್ಟ್ ಮುಗಿದರೂ ಒಂದು ಸಾಲನ್ನೂ ಹೊಡೆದಿರಲಿಲ್ಲ.

ಅದು ಅವರ ತಪ್ಪಲ್ಲ. ಸ್ಕಾಟಿಷ್ ಸರ್ಕಾರ 2013ರ ನವೆಂಬರ್‌ನಲ್ಲಿ ಸ್ವತಂತ್ರ ದೇಶ ಹೇಗಿರುತ್ತದೆ ಅಂತ ವಿವರಿಸುವ 600ಕ್ಕೂ ಹೆಚ್ಚು ಪುಟಗಳ ಶ್ವೇತಪತ್ರ ತಂದಿತ್ತು. ಅದರಲ್ಲಿ 650 ಪ್ರಶ್ನೆಗಳಿಗೆ ಉತ್ತರ ಇತ್ತು. ಆದರೆ ಬಹಳಷ್ಟು ಉತ್ತರಗಳ ಕೀಲಿ ಲಂಡನ್ ಕೈಯಲ್ಲಿತ್ತು, ಇಲ್ಲವೇ ಯುರೋಪಿಯನ್ ಯೂನಿಯನ್ ಕಚೇರಿಗಳಿರುವ ಬ್ರಸೆಲ್ಸ್ ಕೈಯಲ್ಲಿತ್ತು. ಲಂಡನ್ ಸರ್ಕಾರವೋ, ಫಲಿತಾಂಶ ಬರುವ ಮೊದಲು ಬೇರೆಯಾಗುವ ಮಾತುಕತೆ ಆಡುವುದೇ ಇಲ್ಲ ಅಂತ ಕೂತಿತ್ತು. ಪಾಲು ಎಷ್ಟು ಅಂತ ಹೇಳದೆ "ಬೇರೆ ಹೋಗ್ತೀಯೋ ಇರ್ತೀಯೋ ಹೇಳು" ಅಂದರೆ ಯಾವ ತಮ್ಮ ತಾನೇ ಥಟ್ಟನೆ ಹೇಳುತ್ತಾನೆ?

ಪೌಂಡ್ ಗಲಾಟೆ ಏನು? ಎಲ್ಲರೂ ಅದನ್ನೇ ಹೇಳ್ತಾರಲ್ಲ.

ಹೇಳಲೇಬೇಕು, ದೊಡ್ಡ ಗಲಾಟೆ ಅದೇ. ಮೊದಲು ಒಂದು ಸಣ್ಣ ವಿಷಯ. ಸ್ಕಾಟ್ಲೆಂಡಿನಲ್ಲಿ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ಬೆಲೆ ಅದೇ, ಚಿತ್ರ ಬೇರೆ. ಅದನ್ನು ಲಂಡನ್‌ನ ಅಂಗಡಿಯಲ್ಲಿ ಕೊಟ್ಟರೆ ಕೆಲವರು ಬೆಳಕಿಗೆ ಹಿಡಿದು ನೋಡುತ್ತಾರೆ, ಕೆಲವರು ತೆಗೆದುಕೊಳ್ಳುವುದೇ ಇಲ್ಲ. ಹಾಗಾಗಿ ದುಡ್ಡಿನ ವಿಷಯದಲ್ಲಿ ಅಲ್ಲಿಯವರಿಗೆ ಮೊದಲೇ ಒಂದು ಸಣ್ಣ ಕಿರಿಕಿರಿ ಇತ್ತು.

ಆಗಿನ ಫಸ್ಟ್ ಮಿನಿಸ್ಟರ್, ಅಂದರೆ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ, ಬೇಕು ಬಣದ ಅಲೆಕ್ಸ್ ಸಾಲ್ಮಂಡ್ ಹೇಳಿದ್ದು: ಬೇರೆ ದೇಶ ಆದರೂ ಪೌಂಡ್ ಇಬ್ಬರಿಗೂ ಸೇರಿದ್ದು, ಹಂಚಿಕೊಂಡು ಬಳಸೋಣ. 2014ರ ಫೆಬ್ರವರಿ 13ರಂದು ಬ್ರಿಟನ್‌ನ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಎಡಿನ್‌ಬರ್ಗ್‌ಗೆ ಬಂದು, ಬ್ರಿಟನ್ ಬಿಟ್ಟರೆ ಪೌಂಡನ್ನೂ ಬಿಟ್ಟ ಹಾಗೆ ಅಂದರು. ಲೇಬರ್ ಪಕ್ಷ, ಲಿಬರಲ್ ಡೆಮಾಕ್ರಾಟರು ಕೂಡ ಅದನ್ನೇ ಹೇಳಿದರು. ಸಾಲ್ಮಂಡ್ ಇದು ಬರೀ ಬೆದರಿಕೆ ಅಂದರು. ಆಸ್ತಿಯಲ್ಲಿ ಪಾಲು ಕೊಡದಿದ್ದರೆ ಸಾಲದಲ್ಲೂ ಪಾಲು ತಗೊಳ್ಳುವುದಿಲ್ಲ ಅಂತಲೂ ಅಂದರು.

ಆಗಸ್ಟ್ 5ರ ಟಿವಿ ಚರ್ಚೆಯಲ್ಲಿ ಬೇಡ ಬಣದ ಅಲಿಸ್ಟರ್ ಡಾರ್ಲಿಂಗ್ ಒಂದೇ ಪಟ್ಟು ಹಿಡಿದರು: ಪೌಂಡ್ ಕೊಡದಿದ್ದರೆ ನಿಮ್ಮ ಎರಡನೇ ದಾರಿ ಯಾವುದು? ಸಾಲ್ಮಂಡ್ ತಪ್ಪಿಸಿಕೊಂಡರು. ದಾರಿಗಳು ಇರಲಿಲ್ಲ ಅಂತಲ್ಲ. ಪನಾಮ ದೇಶ ಯಾರ ಅಪ್ಪಣೆಯೂ ಇಲ್ಲದೆ ಅಮೆರಿಕದ ಡಾಲರ್ ಬಳಸುವ ಹಾಗೆ ಪೌಂಡ್ ಬಳಸಬಹುದಿತ್ತು. ಸ್ವಂತ ದುಡ್ಡು ತರಬಹುದಿತ್ತು. ಆದರೆ ಎರಡನೇ ದಾರಿಯನ್ನು ಬಾಯಿಬಿಟ್ಟು ಹೇಳಿದರೆ ಮೊದಲನೆಯದು ಆಗುವುದಿಲ್ಲ ಅಂತ ಒಪ್ಪಿದ ಹಾಗೆ. ಆಗಸ್ಟ್ 25ರ ಎರಡನೇ ಚರ್ಚೆಯಲ್ಲಿ ಸಾಲ್ಮಂಡ್ ಗೆದ್ದರು ಅಂತ ಹೆಚ್ಚಿನವರ ಅಭಿಪ್ರಾಯ. ನನ್ನ ಲೆಕ್ಕದಲ್ಲಿ ಅಷ್ಟರಲ್ಲಿ ಹೊತ್ತು ಮೀರಿತ್ತು. ತಿಂಗಳ ಸಂಬಳ ಯಾವ ದುಡ್ಡಿನಲ್ಲಿ ಬರುತ್ತದೆ ಅನ್ನುವುದಕ್ಕೆ ನೇರ ಉತ್ತರ ಸಿಗದವರಿಗೆ ಮಾತಿನ ಚಮತ್ಕಾರ ಸಾಲಲಿಲ್ಲ.

ಎಣ್ಣೆ ಇತ್ತಲ್ಲ, ಅದು ಸಾಕಾಗ್ತಿರಲಿಲ್ವಾ?

ಉತ್ತರ ಸಮುದ್ರದ ಎಣ್ಣೆ 1970ರ ದಶಕದಿಂದಲೂ ಈ ಜಗಳದ ಬತ್ತಿ. ಶ್ವೇತಪತ್ರ ಬ್ಯಾರೆಲ್‌ಗೆ ಸುಮಾರು 110 ಡಾಲರ್ ಅಂತ ಲೆಕ್ಕ ಹಾಕಿತ್ತು. 2014ರ ಬೇಸಿಗೆಯಲ್ಲಿ ಬೆಲೆ 100ರ ಮೇಲೇ ಇತ್ತು, ಹಾಗಾಗಿ ಹುಚ್ಚು ಲೆಕ್ಕ ಅಂತ ಅನ್ನಿಸಲಿಲ್ಲ. ಓಟಾದ ಮೇಲೆ ಬೆಲೆ ಕುಸಿಯಿತು. 2015ರ ಜನವರಿ ಹೊತ್ತಿಗೆ 50ಕ್ಕಿಂತ ಕೆಳಗೆ, ಮರುವರ್ಷದ ಜನವರಿಯಲ್ಲಿ 30ಕ್ಕಿಂತ ಕೆಳಗೆ. ಸ್ವಾತಂತ್ರ್ಯದ ದಿನ ಅಂತ ಗೊತ್ತು ಮಾಡಿದ್ದು 2016ರ ಮಾರ್ಚ್ 24. ಹೊಸ ದೇಶ ಕಣ್ಣು ಬಿಡುವಾಗಲೇ ಖಜಾನೆಗೆ ಪೆಟ್ಟು ಬೀಳುತ್ತಿತ್ತು. "ನಾನು ಅದನ್ನೇ ಹೇಳಿದ್ದೆ" ಅಂತ ಆಮೇಲೆ ಎದೆ ತಟ್ಟಿಕೊಂಡವರು ಬಹಳ. ಓಟಿಗೆ ಮೊದಲು ಅಷ್ಟು ಇಳಿಯುತ್ತದೆ ಅಂತ ಹೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಪಿಂಚಣಿ, ಆಸ್ಪತ್ರೆ?

ವಯಸ್ಸಾದವರಿಗೆ ಪಿಂಚಣಿಯ ಚಿಂತೆ, ಮಿಕ್ಕವರಿಗೆ ಆಸ್ಪತ್ರೆಯದು. ಆರೋಗ್ಯ ಸೇವೆ 1999ರಿಂದ ಸ್ಕಾಟಿಷ್ ಸಂಸತ್ತಿನ ಕೈಯಲ್ಲೇ ಇದೆ. 2011ರಿಂದ ಡಾಕ್ಟರ್ ಬರೆದ ಔಷಧಿಗೆ ಅಲ್ಲಿ ದುಡ್ಡಿಲ್ಲ. ಆದರೆ ಆಗ ಹಣ ಬರುತ್ತಿದ್ದುದು ಲಂಡನ್‌ನಿಂದ, ಇಂಗ್ಲೆಂಡಿನ ಖರ್ಚಿಗೆ ತಕ್ಕಂತೆ. ಇಂಗ್ಲೆಂಡ್ ಖರ್ಚು ಕಡಿಮೆ ಮಾಡಿದರೆ ನಮಗೂ ಕತ್ತರಿ ಬೀಳುತ್ತದೆ ಅಂತ ಬೇಕು ಬಣ. ಆಸ್ಪತ್ರೆ ಈಗಾಗಲೇ ನಿಮ್ಮ ಕೈಯಲ್ಲೇ ಇದೆಯಲ್ಲ ಅಂತ ಬೇಡ ಬಣ. ಮೂವತ್ತು ವರ್ಷ ವಾರ್ಡಿನಲ್ಲಿ ಕಳೆದ ಅಜ್ಜಿಗೆ ಎರಡೂ ಸರಿ ಅನ್ನಿಸಿತ್ತು. ಅದೇ ಅವರ ಕಷ್ಟ.

ಯುರೋಪ್ ವಿಷಯ?

ಇದನ್ನು ನೆನೆದರೆ ಈಗ ನಗು ಬರುತ್ತದೆ, ಸ್ವಲ್ಪ ಹೊಟ್ಟೆಯೂ ಉರಿಯುತ್ತದೆ. ಬೇರೆಯಾದರೆ ಯುರೋಪಿಯನ್ ಯೂನಿಯನ್‌ನಿಂದ ಹೊರಗೆ ಬೀಳುತ್ತೀರಿ, ಒಳಗೇ ಇರಬೇಕಾದರೆ ಬ್ರಿಟನ್‌ನಲ್ಲೇ ಇರಿ ಅನ್ನುವುದು ಬೇಡ ಬಣದ ದೊಡ್ಡ ವಾದ. ಯುರೋಪಿಯನ್ ಆಯೋಗದ ಅಧ್ಯಕ್ಷ ಬರೋಸೊ ಕೂಡ ಹೊಸ ದೇಶ ಒಳಗೆ ಬರುವುದು ಬಹಳ ಕಷ್ಟ ಅಂದಿದ್ದರು. ಎರಡು ವರ್ಷ ಆಗಲಿಲ್ಲ, 2016ರ ಜೂನ್ 23ಕ್ಕೆ ಬ್ರಿಟನ್ನೇ ಹೊರಗೆ ಹೋಗಲು ಓಟು ಹಾಕಿತು. ಸ್ಕಾಟ್ಲೆಂಡಿನಲ್ಲಿ ನೂರಕ್ಕೆ 62 ಜನ ಇರೋಣ ಅಂದಿದ್ದರು. ಕೇಳುವವರಿಲ್ಲ.

ಇನ್ನೊಂದು ತಮಾಷೆ. ನಮ್ಮ ಕೆಳಗಿನ ಮಹಡಿಯ ಪೋಲೆಂಡಿನವರಿಗೆ 2014ರಲ್ಲಿ ಓಟು ಇತ್ತು, ತಮ್ಮದೇ ಬದುಕನ್ನು ತೀರ್ಮಾನಿಸುವ 2016ರ ಬ್ರೆಕ್ಸಿಟ್‌ನಲ್ಲಿ ಇರಲಿಲ್ಲ. ನನಗೆ ಎರಡರಲ್ಲೂ ಇತ್ತು, ಕಾಮನ್‌ವೆಲ್ತ್ ದೆಸೆಯಿಂದ.

ಅಣ್ವಸ್ತ್ರದ ಜಲಾಂತರ್ಗಾಮಿಗಳ ಕತೆ?

ಬ್ರಿಟನ್‌ನ ಟ್ರೈಡೆಂಟ್ ಜಲಾಂತರ್ಗಾಮಿಗಳು ಗ್ಲಾಸ್ಗೋ ಹತ್ತಿರದ ಫಾಸ್‌ಲೇನ್‌ನಲ್ಲಿ ಇರುತ್ತವೆ. ಬೇಕು ಬಣ ಅವನ್ನು ಸಾಗಹಾಕುತ್ತೇವೆ ಅಂದಿತ್ತು. ತೀರ್ಮಾನ ಆದವರಿಗೆ ಇದು ಬಿಸಿ ವಿಷಯ. ಮನಸ್ಸು ಮಾಡದವರ ಪಟ್ಟಿಯಲ್ಲಿ ಕೆಳಗಿತ್ತು.

ನಡುವಿನ ದಾರಿ ಯಾವುದೂ ಇರಲಿಲ್ವಾ?

ಜನರ ಮನಸ್ಸಿನಲ್ಲಿತ್ತು, ಮತಪತ್ರದಲ್ಲಿ ಇರಲಿಲ್ಲ. ತೆರಿಗೆ, ಭತ್ಯೆ ಎಲ್ಲ ಎಡಿನ್‌ಬರ್ಗ್‌ಗೆ, ಸೇನೆ ಮತ್ತು ವಿದೇಶಾಂಗ ಮಾತ್ರ ಲಂಡನ್‌ಗೆ, ಹೀಗೊಂದು ಯೋಚನೆಗೆ ಡೆವೊ ಮ್ಯಾಕ್ಸ್ ಅಂತ ಹೆಸರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಬಾಬತ್ತು. ಸಾಲ್ಮಂಡ್ ಇದನ್ನೂ ಸೇರಿಸಲು ತಯಾರಿದ್ದರು. ಪ್ರಧಾನಿ ಡೇವಿಡ್ ಕ್ಯಾಮರನ್ ಒಪ್ಪಲಿಲ್ಲ. 2012ರ ಅಕ್ಟೋಬರ್ 15ರ ಎಡಿನ್‌ಬರ್ಗ್ ಒಪ್ಪಂದದಲ್ಲಿ ಒಂದೇ ಪ್ರಶ್ನೆ ಅಂತಾಯಿತು. ಮೂರನೇ ಚೌಕ ಇದ್ದಿದ್ದರೆ ಮನಸ್ಸು ಮಾಡದವರಲ್ಲಿ ಅರ್ಧ ಜನ ಸಲೀಸಾಗಿ ಅದಕ್ಕೇ ಗುರುತು ಹಾಕುತ್ತಿದ್ದರು ಅಂತ ನನ್ನ ಅಂದಾಜು.

ಆ 51ರ ಸಮೀಕ್ಷೆ ಬಂದ ಮೇಲೆ ಬಾಗಿಲು ಹಾಕಿದವರೇ ಕಿಟಕಿ ತೆರೆದರು. ಸೆಪ್ಟೆಂಬರ್ 16ರ ಡೈಲಿ ರೆಕಾರ್ಡ್ ಪತ್ರಿಕೆಯ ಮುಖಪುಟದಲ್ಲಿ ಬ್ರಿಟನ್‌ನ ಮೂರು ದೊಡ್ಡ ಪಕ್ಷಗಳ ನಾಯಕರು ಸಹಿ ಹಾಕಿ, ಬೇಡ ಅಂದರೆ ಹೆಚ್ಚಿನ ಅಧಿಕಾರ ಕೊಡುತ್ತೇವೆ ಅಂತ ಮಾತು ಕೊಟ್ಟರು. ಅಂಚೆಯಲ್ಲಿ ಓಟು ಹಾಕುವವರಿಗೆ ಆಗಸ್ಟ್ ಕೊನೆಯಲ್ಲೇ ಮತಪತ್ರ ಹೋಗಿತ್ತು. ಅವರಲ್ಲಿ ಎಷ್ಟೋ ಜನ ಈ ಮಾತು ಬರುವ ಮೊದಲೇ ಓಟು ಹಾಕಿಯಾಗಿತ್ತು! ಬೇಕು ಬಣದವರು ಇದು ಮೂಗಿಗೆ ತುಪ್ಪ ಸವರುವ ಕೆಲಸ ಅಂದರು. ಪೂರ್ತಿ ಹಾಗಲ್ಲ. 2016ರ ಕಾಯ್ದೆಯಲ್ಲಿ ಆದಾಯ ತೆರಿಗೆಯ ದರ ನಿಗದಿ ಮಾಡುವ ಅಧಿಕಾರ, ಕೆಲವು ಭತ್ಯೆಗಳು ಎಡಿನ್‌ಬರ್ಗ್‌ಗೆ ಬಂದವು.

ಇವರನ್ನು ಒಲಿಸಿಕೊಳ್ಳಲು ಏನೇನು ಮಾಡಿದರು?

ಒಳ್ಳೆಯದೂ ಮಾಡಿದರು, ಎಡವಟ್ಟೂ ಮಾಡಿದರು. ಲೇಬರ್ ಸಂಸದ ಜಿಮ್ ಮರ್ಫಿ, ಐರನ್-ಬ್ರೂ ಅನ್ನುವ ಅಲ್ಲಿಯ ಸೋಡಾದ ಎರಡು ಪೆಟ್ಟಿಗೆ ಇಟ್ಟುಕೊಂಡು ಬೀದಿಯಲ್ಲಿ ಅದರ ಮೇಲೆ ನಿಂತು ಊರೂರಲ್ಲಿ ಭಾಷಣ ಮಾಡಿದರು. ಕಿರ್ಕಾಲ್ಡಿಯಲ್ಲಿ ಅವರ ಮೇಲೆ ಮೊಟ್ಟೆ ಬಿತ್ತು. ಬೇಕು ಬಣದವರು ಬಡವರ ಕಾಲೊನಿಗಳಿಗೆ ಹೋಗಿ, ವರ್ಷಗಟ್ಟಲೆ ಓಟೇ ಹಾಕದವರ ಹೆಸರು ಬರೆಸಿದರು. ಅದು ನಿಜಕ್ಕೂ ದೊಡ್ಡ ಕೆಲಸ. ಅಲ್ಲಿ ಕೆಲವರು ಪಟ್ಟಿಯಿಂದ ಹೊರಗೇ ಉಳಿದಿದ್ದಕ್ಕೆ ಹಳೆಯ ಕಾರಣ ಇತ್ತು. 1989ರಲ್ಲಿ ಥ್ಯಾಚರ್ ಸರ್ಕಾರ ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿನಲ್ಲಿ ತಲೆಗಂದಾಯ ತಂದಿತ್ತು. ಆಗ ಕಟ್ಟದೆ ಉಳಿಸಿಕೊಂಡ ಬಾಕಿ ವಸೂಲಿಗೆ, ಪಟ್ಟಿಯಲ್ಲಿ ಹೆಸರು ನೋಡಿ ಯಾರಾದರೂ ಬಂದಾರು ಅನ್ನುವ ಹೆದರಿಕೆ.

ಎಡವಟ್ಟು ಅಂದರೆ ಆಗಸ್ಟ್‌ನಲ್ಲಿ ಬೇಡ ಬಣ ಬಿಟ್ಟ ಒಂದು ಜಾಹೀರಾತು. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಟೀ ಕಪ್ಪು ಹಿಡಿದು, ಗಂಡ ಬರೀ ಇದನ್ನೇ ಮಾತಾಡುತ್ತಾನೆ, ನನಗೆ ಯೋಚಿಸಲು ಪುರುಸೊತ್ತೆಲ್ಲಿ ಅಂತ ಗೊಣಗಿ, ಕೊನೆಗೆ ಬೇಡ ಅಂತ ತೀರ್ಮಾನ ಮಾಡುತ್ತಾಳೆ. ಮನಸ್ಸು ಮಾಡದ ಹೆಂಗಸರಿಗೆ ಅಂತಲೇ ಮಾಡಿದ್ದು. ಎರಡೂ ಬಣದ ಹೆಂಗಸರು ಉಗಿದರು. ಅಜ್ಜಿ ಟಿವಿ ಆರಿಸಿ "ನನ್ನ ಹತ್ತಿರ ಲಕೋಟೆ ಇದೆ, ಆಕೆಯ ಹತ್ತಿರ ಏನಿದೆ?" ಅಂದರು.

ಗೊತ್ತಿಲ್ಲದಿದ್ದರೆ ಬೇಡ ಅನ್ನೋದೇ ಸೇಫ್ ಅಲ್ವಾ?

ಬೇಡ ಬಣ ಹೇಳಿದ್ದೂ ಅದನ್ನೇ. ಸಂದೇಹ ಇದ್ದರೆ ಬೇಡ ಅನ್ನಿ. ಕೇಳಲು ನ್ಯಾಯವಾಗಿದೆ. ಬೇರೆಯಾದ ಮೇಲೆ ಅಯ್ಯೋ ತಪ್ಪಾಯ್ತು ಅಂತ ವಾಪಸ್ ಬರಲು ಆಗುವುದಿಲ್ಲ. ಉಳಿದರೆ ಮತ್ತೊಮ್ಮೆ ಕೇಳಬಹುದು. ಈ ವಾದಕ್ಕೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ.

ಆದರೆ ಅದರಲ್ಲಿ ಒಂದು ಕಳ್ಳಲೆಕ್ಕ ಇದೆ. "ಬೇಡ" ಅಂದರೆ ಎಲ್ಲವೂ ಇದ್ದ ಹಾಗೇ ಇರುತ್ತದೆ ಅಂತ ಎಲ್ಲರೂ ಅಂದುಕೊಂಡರು. ಇದ್ದ ಹಾಗೇ ಇರುವುದು ಮತಪತ್ರದಲ್ಲಿ ಇರಲೇ ಇಲ್ಲ. ಎರಡು ಗೊತ್ತಿಲ್ಲದ ದಾರಿಗಳಿದ್ದವು. ಒಂದಕ್ಕೆ 600 ಪುಟಗಳ ಶ್ವೇತಪತ್ರ ಇತ್ತು, ಪುಟ ಪುಟಕ್ಕೂ ಜರಡಿ ಹಿಡಿದರು. ಇನ್ನೊಂದಕ್ಕೆ ಏನೂ ಇರಲಿಲ್ಲ. ಹತ್ತು ವರ್ಷ ಬ್ರಿಟನ್‌ನಲ್ಲೇ ಇದ್ದರೆ ಏನಾಗುತ್ತದೆ ಅಂತ ಯಾರೂ ಬರೆದು ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಿದ್ದರೂ ಬ್ರೆಕ್ಸಿಟ್ ಅಂತ ಯಾರು ಬರೆಯುತ್ತಿದ್ದರು, ಅಲ್ವಾ?

ಓಟಿನ ದಿನ ಹೇಗಿತ್ತು?

ಗುರುವಾರ. ಶಾಲೆಯೊಂದು ನಮ್ಮ ಮತಗಟ್ಟೆ, ಗೋಡೆಯ ಮೇಲೆ ಮಕ್ಕಳು ಬಿಡಿಸಿದ ಮೀನುಗಳು. ಬೆರಳಿಗೆ ಶಾಯಿ ಇಲ್ಲ, ಗುರುತಿನ ಚೀಟಿ ಕೇಳಲಿಲ್ಲ. ಹೆಸರು ವಿಳಾಸ ಹೇಳಿದರೆ ಸಾಕು. ಗುರುತು ಹಾಕಲು ದಾರಕ್ಕೆ ಕಟ್ಟಿದ ಒಂದು ಮೋಟು ಪೆನ್ಸಿಲ್. ಪೆನ್ಸಿಲ್ ಆದರೆ ಅಳಿಸಿಬಿಡುತ್ತಾರೆ, ಪೆನ್ನು ತಗೊಂಡು ಹೋಗಿ ಅಂತ ಗಾಳಿಸುದ್ದಿ ಹಬ್ಬಿತ್ತು. ನನ್ನ ಮುಂದಿದ್ದವರು ಜೇಬಿನಿಂದ ಮೂರು ಪೆನ್ನು ತೆಗೆದು ಒಂದನ್ನು ಆರಿಸಿದರು. ಪಬ್ಬುಗಳು ತೆರೆದೇ ಇದ್ದವು. ನಮ್ಮಲ್ಲಿ ಎರಡು ದಿನ ಮೊದಲೇ ಬಾರ್ ಬಾಗಿಲು ಹಾಕಿಸುವುದನ್ನು ನೋಡಿದವನಿಗೆ ಅದೇ ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ.

ಕೊನೆಗೆ ಅವರೆಲ್ಲ ಯಾವ ಕಡೆ ಹೋದರು?

ಬೇಡ 55.3, ಬೇಕು 44.7. ಮತದಾನ ನೂರಕ್ಕೆ 84.6. ಕೊನೆಯ ದಿನಗಳ ಹೆಚ್ಚಿನ ಸಮೀಕ್ಷೆಗಳಲ್ಲಿ ಅಂತರ ಸಣ್ಣದಿತ್ತು, ಎಣಿಸಿದಾಗ ಹತ್ತು ದಾಟಿತು. ಹಾಗಾಗಿ ಕೊನೆಗೆ ಮನಸ್ಸು ಮಾಡಿದವರಲ್ಲಿ ಜಾಸ್ತಿ ಜನ ಬೇಡ ಅಂದಿರಬೇಕು, ಇಲ್ಲವೇ ಬೇಡ ಅನ್ನುವವರು ಸುಮ್ನೆ ಬಾಯಿ ಮುಚ್ಚಿಕೊಂಡಿದ್ದರು. ಎರಡೂ ಸ್ವಲ್ಪ ಸ್ವಲ್ಪ ನಿಜ ಅಂತ ನನಗೆ ಅನ್ನಿಸುತ್ತದೆ. ನಮ್ಮ ಬೀದಿಯ ಕಿಟಕಿಗಳಲ್ಲಿ ನೀಲಿ ಬಣ್ಣದ "ಯೆಸ್" ಪೋಸ್ಟರುಗಳೇ ತುಂಬಿದ್ದವು, "ನೋ ಥ್ಯಾಂಕ್ಸ್" ಅಲ್ಲೊಂದು ಇಲ್ಲೊಂದು. ಆದರೆ ಎಡಿನ್‌ಬರ್ಗ್ ಬೇಡ ಅಂದಿತು. 32 ಜಿಲ್ಲೆಗಳಲ್ಲಿ ಬೇಕು ಗೆದ್ದಿದ್ದು ನಾಲ್ಕರಲ್ಲಿ: ಡಂಡೀ, ಗ್ಲಾಸ್ಗೋ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲ್ಯಾನಾರ್ಕ್‌ಶೈರ್. ರಾತ್ರಿ ಮೊದಲು ಬಂದ ಫಲಿತಾಂಶ ಪುಟ್ಟ ಕ್ಲ್ಯಾಕ್‌ಮ್ಯಾನನ್‌ಶೈರ್‌ನದು. ಅದು ಬೇಡ ಅಂದಾಗಲೇ ಪಬ್ಬಿನಲ್ಲಿ ಅರ್ಧ ಜನ ಕೋಟು ಹಾಕಿಕೊಂಡರು.

ಮತ್ತೆ ನಡೆಯುತ್ತಾ?

ಸದ್ಯಕ್ಕೆ ದಾರಿ ಕಟ್ಟಿದೆ. ಲಂಡನ್ ಒಪ್ಪದೆ ಸ್ಕಾಟಿಷ್ ಸಂಸತ್ತು ತಾನೇ ಜನಮತಗಣನೆ ನಡೆಸುವಂತಿಲ್ಲ ಅಂತ 2022ರ ನವೆಂಬರ್ 23ರಂದು ಬ್ರಿಟನ್‌ನ ಸುಪ್ರೀಂ ಕೋರ್ಟ್ ಹೇಳಿತು. 2015ರಲ್ಲಿ ಲಂಡನ್ ಸಂಸತ್ತಿನ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59 ಸೀಟುಗಳಲ್ಲಿ 56 ಗೆದ್ದಿದ್ದ, ಬೇರೆಯಾಗಬೇಕು ಅನ್ನುವ ಸಾಲ್ಮಂಡ್ ಅವರ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಪಕ್ಷ 2024ರಲ್ಲಿ 9ಕ್ಕೆ ಇಳಿಯಿತು. ಆದರೂ ಬೇರೆಯಾಗಬೇಕು ಅನ್ನುವವರ ಸಂಖ್ಯೆ ಆ ಪಕ್ಷದ ಜೊತೆ ಇಳಿದಿಲ್ಲ.

ಆ ಅಜ್ಜಿ ಯಾವುದಕ್ಕೆ ಹಾಕಿದರು?

ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆ ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ "ಮುಗೀತು" ಅಂದರು ಅಷ್ಟೇ. 16 ತುಂಬಿದ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಅವನು ಯಾವುದಕ್ಕೆ ಹಾಕಿದೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ, ಅವರು ಸುಮ್ಮನಿರು ಅಂತ ತೋಳು ಚಿವುಟಿದರು.

2016ರ ಜೂನ್ 24ರ ಬೆಳಿಗ್ಗೆ ಬ್ರೆಕ್ಸಿಟ್ ಸುದ್ದಿ ಕೇಳಿ ಕೆಳಗೆ ಇಳಿಯುತ್ತಿದ್ದೆ. ಅಜ್ಜಿ ಬಾಗಿಲು ತೆರೆದು, ಒಂದು ನಿಮಿಷ ಇರು ಅಂತ ಒಳಗೆ ಹೋದರು. ಆ ಲಕೋಟೆಯನ್ನು ಫ್ರಿಜ್ಜಿನ ಮೇಲಿಂದ ತಂದರು, ಇನ್ನೂ ಇಟ್ಟುಕೊಂಡಿದ್ದರು. ಯುರೋಪ್ ಅಂತ ಬರೆದಿದ್ದ ಸಾಲನ್ನು ನನ್ನ ಮುಂದೆಯೇ ಪೆನ್ನಿನಲ್ಲಿ ಹೊಡೆದುಹಾಕಿದರು.